ಬಿಳಿಯಿಂದ ಕದ್ದ ನೀಲಿ

ಪೇಂಟ್ ಅಂಗಡಿಯಲ್ಲಿ ಬಣ್ಣ ಬೆರೆಸುವ ಯಂತ್ರದ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ. ಗಿರಾಕಿ ಕೇಳಿದ್ದು ಬಿಸ್ಕತ್ ಕಲರ್ ಇರಲಿ, ಸ್ಯಾಂಡಲ್ ಇರಲಿ, ಐವರಿ ಇರಲಿ, ಅಂಗಡಿಯ ಹುಡುಗ ಮುಚ್ಚಳ ತೆಗೆಯುವುದು ಬಿಳಿ ಡಬ್ಬಿಯದೇ. ಕಂಪ್ಯೂಟರಿಗೆ ಶೇಡ್ ನಂಬರ್ ಹೊಡೆದರೆ ಯಂತ್ರದ ಸಣ್ಣ ಮೂತಿಗಳಿಂದ ಹಳದಿ ಒಂದಿಷ್ಟು, ಕೆಂಪು ಅದಕ್ಕಿಂತ ಕಡಿಮೆ, ಕಪ್ಪು ಇದೆಯೋ ಇಲ್ಲವೋ ಎನ್ನುವಷ್ಟು ಬಿಳಿಯ ಮೇಲೆ ಇಳಿಯುತ್ತದೆ. ಮುಚ್ಚಳ ಬಡಿದು, ಅಲುಗಾಡಿಸುವ ಯಂತ್ರಕ್ಕೆ ಸಿಕ್ಕಿಸಿ ತೆಗೆದರೆ ಬೆಚ್ಚನೆಯ ಬೇಜ್ ಸಿದ್ಧ. ನಾಲ್ಕು ಲೀಟರಿನ ಡಬ್ಬಿಯಲ್ಲಿ ಬಹುಪಾಲು ಮೊದಲಿದ್ದ ಬಿಳಿಯೇ.

ಕಾಮನಬಿಲ್ಲಿನಲ್ಲಿ ಎಷ್ಟು ಹುಡುಕಿದರೂ ಈ ಬಣ್ಣ ಸಿಗದು. ಬೇಜ್‌ಗೆ ತನ್ನದೇ ಆದ ತರಂಗಾಂತರವಿಲ್ಲ. ಬೇಜ್ ಲೇಸರ್ ಮಾಡಲು ಯಾರಿಂದಲೂ ಆಗದು. ಗೋಡೆಗೆ ಬಿದ್ದ ಬಿಳಿ ಬೆಳಕಿನಲ್ಲಿ ಕೆಂಪು ಭಾಗವನ್ನು ಹೆಚ್ಚುಕಡಿಮೆ ಹಾಗೆಯೇ ಮರಳಿಸಿ, ಹಸಿರಿನಲ್ಲಿ ತುಸು ಕಡಿಮೆ ಮಾಡಿ, ನೀಲಿಯಲ್ಲಿ ಇನ್ನಷ್ಟು ನುಂಗಿಕೊಂಡರೆ ಕಣ್ಣು ಅದನ್ನು ಬೇಜ್ ಎನ್ನುತ್ತದೆ. ಅಂದರೆ ಇದು ಬಿಳಿಯೇ, ಸ್ವಲ್ಪ ನೀಲಿ ಕಳೆದುಕೊಂಡ ಬಿಳಿ. ಶೇಡ್ ಕಾರ್ಡಿನಲ್ಲಿ ಒಂದು ತರಹ, ಗೋಡೆಯ ಮೇಲೆ ಇನ್ನೊಂದು ತರಹ ಕಾಣುವುದು, ಬೆಳಗ್ಗೆ ಚಂದವಿದ್ದದ್ದು ರಾತ್ರಿ ಲೈಟ್ ಹಾಕಿದಾಗ ಮಂಕಾಗುವುದು, ಒಂದೇ ಡಬ್ಬಿಯ ಬಣ್ಣ ಹಾಲ್‌ನಲ್ಲಿ ಒಪ್ಪಿ ರೂಮಿನಲ್ಲಿ ಒಪ್ಪದಿರುವುದು, ಇವೆಲ್ಲದರ ಬೇರು ಈ ಕಳೆಯುವ ಲೆಕ್ಕದಲ್ಲಿದೆ. ಕಳೆಯಬೇಕಾದರೆ ಮೊದಲು ಇರಬೇಕು. ಕೋಣೆಯೊಳಗೆ ಬರುವ ಬೆಳಕಿನಲ್ಲಿ ಏನಿದೆ ಎಂದು ನೋಡದೆ ಬೇಜ್ ಆರಿಸುವುದು ಅರ್ಧ ಲೆಕ್ಕ ಬಿಟ್ಟು ಉತ್ತರ ಬರೆದಂತೆಯೇ ಸರಿ.

ಮೊದಲು ಬಿಳಿಯ ವಿಚಾರ. ಇಂದಿನ ಎಮಲ್ಷನ್ ಪೇಂಟಿಗೆ ಬಿಳುಪು ಕೊಡುವುದು ಟೈಟಾನಿಯಂ ಡೈಆಕ್ಸೈಡ್. ಕೇರಳದ ಚವರ ಕಡಲತೀರದ ಕಪ್ಪು ಮರಳಿನಲ್ಲಿರುವ ಇಲ್ಮೆನೈಟ್ ಇದರ ಮೂಲಗಳಲ್ಲಿ ಒಂದು. ಅಲ್ಲಿನ ಮರಳನ್ನು ನೆಚ್ಚಿಕೊಂಡು 1946ರಲ್ಲಿ ತಿರುವನಂತಪುರದಲ್ಲಿ ಟ್ರಾವಂಕೂರ್ ಟೈಟಾನಿಯಂ ಕಂಪನಿ ಹುಟ್ಟಿತು. ಕಪ್ಪು ಮರಳಿನಿಂದ ಇಷ್ಟು ಬಿಳಿಯ ಪುಡಿ ಬರುತ್ತದೆ ಎಂಬುದೇ ಮೋಜು. ಆ ಪುಡಿಗೆ ಅದರದ್ದೇ ಆದ ಬಿಳಿ ಬಣ್ಣವೇನೂ ಇಲ್ಲ. ದೊಡ್ಡ ಹರಳಾಗಿ ಬೆಳೆಸಿದರೆ ಅದು ಪಾರದರ್ಶಕ. ಆದರೆ ಅದರ ವಕ್ರೀಭವನಾಂಕ 2.7ರ ಆಸುಪಾಸು, ಸುತ್ತಲಿನ ಅಂಟಿನದು ಸುಮಾರು 1.5. ಈ ಅಂತರ ದೊಡ್ಡದಾದಷ್ಟೂ ಬೆಳಕು ಕಣದ ಅಂಚಿನಲ್ಲಿ ಜೋರಾಗಿ ತಿರುಗುತ್ತದೆ. ಕಣಗಳನ್ನು ಬೆಳಕಿನ ತರಂಗಾಂತರದ ಅರ್ಧದಷ್ಟಕ್ಕೆ, ಎಂದರೆ ಒಂದು ಮಿಲಿಮೀಟರಿನ ಸುಮಾರು ನಾಲ್ಕು ಸಾವಿರದಲ್ಲಿ ಒಂದು ಪಾಲಿಗೆ ಅರೆದರೆ, ಒಳಹೊಕ್ಕ ಬೆಳಕು ಕಣದಿಂದ ಕಣಕ್ಕೆ ದಿಕ್ಕು ತಪ್ಪಿ ಕೊನೆಗೆ ಬಂದ ದಾರಿಗೇ ಮರಳುತ್ತದೆ. ಕೂದಲಿಗಿಂತ ತೆಳ್ಳಗಿನ ಎರಡು ಕೋಟ್ ಹಳೆಯ ಗೋಡೆಯನ್ನು ಮುಚ್ಚಿಹಾಕುವುದು ಹೀಗೆ.

ಹಿಂದೆ ಈ ಕೆಲಸ ಸುಣ್ಣದ್ದಾಗಿತ್ತು. ದೀಪಾವಳಿಗೋ ಯುಗಾದಿಗೋ ಮೊದಲು ಮನೆಗೆ ಸುಣ್ಣ ಬಳಿಯುವಾಗ ಬಕೆಟ್ಟಿಗೆ ಚಿಟಿಕೆ ನೀಲಿ ಹಾಕುವ ರೂಢಿ ಹಲವರಿಗೆ ನೆನಪಿರಬಹುದು. ಬಟ್ಟೆಗೆ ಹಾಕುವ ಅದೇ ನೀಲಿ. ಸುಣ್ಣದಲ್ಲಿ ಸೇರಿಕೊಂಡ ಕಬ್ಬಿಣದ ಅಂಶವೂ ಕಸರೂ ಬಿಳಿಗೆ ಹಳದಿ ಛಾಯೆ ತರುತ್ತವೆ. ನೀಲಿ ಹಾಕಿದರೆ ಆ ಹಳದಿ ಅಡಗಿ ಗೋಡೆ ಇನ್ನಷ್ಟು ಬೆಳ್ಳಗೆ ಕಾಣುತ್ತದೆ. ಟೈಟಾನಿಯಂ ಡೈಆಕ್ಸೈಡ್ ಕೂಡ ನೇರಳೆಯ ಅಂಚಿನಲ್ಲಿ ಬೆಳಕನ್ನು ನುಂಗುವುದರಿಂದ ಸೂಕ್ಷ್ಮವಾಗಿ ಹಳದಿಯೇ. ಬಿಳಿಯ ಹಳದಿಯನ್ನು ಓಡಿಸಲು ಇಷ್ಟೆಲ್ಲ ಒದ್ದಾಡಿದ ನಾವು ಈಗ ಅಂಗಡಿಗೆ ಹೋಗಿ, ದುಡ್ಡು ಕೊಟ್ಟು, ಅದೇ ಹಳದಿಯನ್ನು ಅಳತೆ ಪ್ರಕಾರ ವಾಪಸು ಹಾಕಿಸಿಕೊಂಡು ಬರುತ್ತಿದ್ದೇವೆ.

ವಾಪಸು ಹಾಕುವುದು ಯಾವ ಹಳದಿ? ಬಹುಮಟ್ಟಿಗೆ ಕಬ್ಬಿಣದ ತುಕ್ಕು. ಪೇಂಟ್ ಅಂಗಡಿಯಲ್ಲಿ ಯೆಲ್ಲೋ ಆಕ್ಸೈಡ್ ಎನ್ನುವ ವಸ್ತು ಖನಿಜಶಾಸ್ತ್ರದಲ್ಲಿ ಗೋಥೈಟ್. ಜರ್ಮನ್ ಕವಿ ಗೋಥೆಯ ಗೌರವಕ್ಕೆ 1806ರಲ್ಲಿ ಇಟ್ಟ ಹೆಸರು ಅದು. ನಾಲ್ಕು ವರ್ಷದ ನಂತರ ಆತ ಬಣ್ಣಗಳ ಮೇಲೆ ದೊಡ್ಡದೊಂದು ಗ್ರಂಥವನ್ನೇ ಬರೆದು ನ್ಯೂಟನ್‌ನ ಮೇಲೆ ಜಗಳಕ್ಕೆ ನಿಂತ. ಭೌತಶಾಸ್ತ್ರದಲ್ಲಿ ಗೋಥೆ ಸೋತ. ಆದರೆ ಬಣ್ಣ ನೋಡುವ ಕಣ್ಣಿನ ಬಗ್ಗೆ ಅವನು ಹೇಳಿದ ಎಷ್ಟೋ ಸಂಗತಿ ಇಂದಿಗೂ ನಿಂತಿದೆ. ಗೋಥೈಟಿನೊಳಗೆ ಕಬ್ಬಿಣ, ಆಮ್ಲಜನಕದ ಜೊತೆಗೆ ನೀರಿನ ಅಂಶವೂ ಕಟ್ಟಿಕೊಂಡಿರುತ್ತದೆ. 300 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದರೆ ನೀರು ಹಾರಿಹೋಗಿ ಹಳದಿ ಪುಡಿ ಕೆಂಪಗಾಗುತ್ತದೆ. ಅದೇ ಹೆಮಟೈಟ್, ನಮ್ಮ ರೆಡ್ ಆಕ್ಸೈಡ್. ಸಂಡೂರಿನ ಗುಡ್ಡಗಳಿಂದ ಲಾರಿ ಲಾರಿ ಹೋದ ಅದಿರೂ ಅದೇ, ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಬಂಡೆಗಳ ಮೇಲೆ ಆದಿಮಾನವರು ಬರೆದ ಚಿತ್ರಗಳ ಕೆಂಪಿನ ಮೂಲವೂ ಇಂಥದ್ದೇ ಮಣ್ಣು.

ಸಾವಿರಾರು ವರ್ಷ ಬಿಸಿಲಿಗೆ ಒಡ್ಡಿಕೊಂಡ ಚಿತ್ರ ಉಳಿದದ್ದು ಆಕಸ್ಮಿಕವಲ್ಲ. ಕಬ್ಬಿಣ ಆಮ್ಲಜನಕಕ್ಕೆ ಕೊಡಬೇಕಾದ ಎಲೆಕ್ಟ್ರಾನುಗಳನ್ನು ಆಗಲೇ ಕೊಟ್ಟು ಮುಗಿಸಿದೆ. ಇನ್ನು ಗಾಳಿ, ಬಿಸಿಲು ಅದನ್ನು ಮತ್ತೇನೂ ಮಾಡಲಾರವು. ನೀಲಿ ಬೆಳಕಿನ ಶಕ್ತಿಗೆ ಇದರ ಎಲೆಕ್ಟ್ರಾನುಗಳು ಎಗರುತ್ತವೆ, ಕೆಂಪಿನ ಶಕ್ತಿ ಅವಕ್ಕೆ ಸಾಲದು. ಹಾಗಾಗಿ ನೀಲಿ ಒಳಗೇ ಉಳಿಯುತ್ತದೆ, ಕೆಂಪು ಹೊರಬರುತ್ತದೆ. ಗಾಢ ನೇರಳೆ, ಕಡು ಗುಲಾಬಿಗಳಿಗೆ ಬಳಸುವ ಎಷ್ಟೋ ಸಾವಯವ ಬಣ್ಣಗಳು ಕಿಟಕಿಯ ಬಿಸಿಲಿಗೆ ಕಾಲಾಂತರದಲ್ಲಿ ಸೊರಗುತ್ತವೆ. ಆಕ್ಸೈಡಿನಿಂದ ಮಾಡಿದ ಬೇಜ್ ಸೊರಗದು. ಈ ಬಣ್ಣದ ಪರವಾಗಿ ನಾನು ಹೇಳುವ ಮೊದಲ ಮಾತು ಇದೇ. ಅಂದಚಂದದ ಮಾತು ಆಮೇಲೆ.

ಹಳದಿ, ಕೆಂಪು, ಕಪ್ಪು, ಮೂರರ ಅನುಪಾತದಲ್ಲೇ ಬೇಜ್‌ನ ಸ್ವಭಾವ ಅಡಗಿದೆ. ಕೆಂಪು ಒಂದು ತೊಟ್ಟು ಹೆಚ್ಚಾದರೆ ‘ಪಿಂಕ್ ಹೊಡೀತಿದೆ’ ಎನ್ನುತ್ತಾರೆ ಪೇಂಟರುಗಳು. ಹಳದಿಗೆ ಕಪ್ಪು ಹೆಚ್ಚಾದರೆ ‘ಹಸಿರು ಹೊಡೀತಿದೆ’. ಹಸಿರನ್ನು ಯಾರೂ ಹಾಕಿಲ್ಲ. ಮಸಿಯ ಕಪ್ಪು ಬಿಳಿಯಲ್ಲಿ ತೆಳುವಾದಾಗ ತುಸು ನೀಲಿಗೆ ವಾಲುತ್ತದೆ, ಹಳದಿಯ ಜೊತೆ ಸೇರಿ ಪಾಚಿಯ ಛಾಯೆ ಕೊಡುತ್ತದೆ. ಬೆಚ್ಚನೆಯ ಬೇಜ್ ಬೇಕೆಂದವರು ನೋಡಬೇಕಾದ್ದು ಇದನ್ನೇ: ಕೆಂಪು ಹಸಿರಿಗಿಂತ ಹೆಚ್ಚು, ಹಸಿರು ನೀಲಿಗಿಂತ ಹೆಚ್ಚು ಮರಳಬೇಕು. ವೆಬ್ ಪುಟಗಳಿಗೆ ಬಣ್ಣ ಕೊಡುವ ಹೆಸರುಗಳ ಪಟ್ಟಿಯಲ್ಲೂ ಒಂದು ಬೇಜ್ ಇದೆ. ಕೆಂಪು 245, ಹಸಿರು 245, ನೀಲಿ 220. ಕೆಂಪೂ ಹಸಿರೂ ಸಮನಾಗಿರುವುದರಿಂದ ಅದು ನಿಂಬೆಹಣ್ಣಿನ ಕಡೆಗೆ ವಾಲುವ ಪೇಲವ ಹಳದಿ. ಫೋನ್ ಪರದೆಯಲ್ಲಿ ಆ ಹೆಸರು ನೋಡಿ ಗೋಡೆಗೆ ಬಣ್ಣ ಗೊತ್ತುಮಾಡುವವರು ಬೆಚ್ಚನೆಯ ಛಾಯೆಯ ನಿರೀಕ್ಷೆ ಇಟ್ಟುಕೊಳ್ಳಬಾರದು.

ಕಾರ್ಡಿನಿಂದ ಗೋಡೆಗೆ

ಶೇಡ್ ಕಾರ್ಡಿನ ಚೌಕ ಬೆಂಕಿಪೊಟ್ಟಣದಷ್ಟು. ಅದನ್ನು ನೋಡಿ ನಾಲ್ಕು ಗೋಡೆಗೆ ಬಳಿಸಿದ ಮೇಲೆ ‘ನಾವು ಆರಿಸಿದ್ದು ಇದಲ್ಲ, ತುಂಬಾ ಗಾಢವಾಯ್ತು’ ಎನ್ನುವುದು ಮನೆ ಮನೆಯ ಕತೆ. ಪೇಂಟರು ಅಂಗಡಿಯವನನ್ನು ದೂರುತ್ತಾನೆ, ಅಂಗಡಿಯವನು ಪುಟ್ಟಿಯನ್ನು. ಬಹಳ ಸಲ ಇಬ್ಬರದ್ದೂ ತಪ್ಪಿರುವುದಿಲ್ಲ.

ಕಾರ್ಡಿಗೆ ಬಿದ್ದ ಬೆಳಕು ಒಮ್ಮೆ ಮರಳಿ ನೇರ ಕಣ್ಣಿಗೆ ಬರುತ್ತದೆ. ಕೋಣೆಯಲ್ಲಿ ಹಾಗಲ್ಲ. ಎಡಗೋಡೆಯಿಂದ ಮರಳಿದ್ದು ಬಲಗೋಡೆಗೆ ಬೀಳುತ್ತದೆ, ಅಲ್ಲಿಂದ ಎದುರಿನದಕ್ಕೆ. ಪ್ರತಿ ಸಲವೂ ಬಣ್ಣ ತನ್ನ ಪಾಲಿನ ನೀಲಿಯನ್ನು ಮುರಿದುಕೊಳ್ಳುತ್ತದೆ. ಇದು ಚಕ್ರಬಡ್ಡಿಯ ಲೆಕ್ಕ. ಒಂದು ಕಾಲ್ಪನಿಕ ಬೇಜ್ ತೆಗೆದುಕೊಳ್ಳೋಣ: ಕೆಂಪು ಬೆಳಕಿನ ಶೇಕಡ 75, ಹಸಿರಿನ 66, ನೀಲಿಯ 52 ಭಾಗ ಮರಳಿಸುವಂಥದ್ದು. ಮೊದಲ ಸಲ ಮರಳಿದಾಗ ಕೆಂಪು ನೀಲಿಯ ಸುಮಾರು 1.4 ಪಟ್ಟು. ಎರಡನೇ ಗೋಡೆಗೆ ಬಡಿದು ಬಂದಾಗ ಕೆಂಪು 56, ಹಸಿರು 44, ನೀಲಿ 27. ಎಂದರೆ ಎರಡು ಪಟ್ಟು. ಮೂರನೆಯದರಲ್ಲಿ 42, 29, 14, ಮೂರು ಪಟ್ಟು. ಕಣ್ಣಿಗೆ ಬರುವುದು ಇವೆಲ್ಲದರ ಮಿಶ್ರಣ. ಗೋಡೆಗಳು ಒಂದನ್ನೊಂದು ನೋಡಿಕೊಂಡು ತಮ್ಮ ಬಣ್ಣವನ್ನು ತಾವೇ ಗಾಢ ಮಾಡಿಕೊಳ್ಳುತ್ತವೆ. ಎರಡು ಗೋಡೆ ಕೂಡುವ ಮೂಲೆಯನ್ನು ಗಮನಿಸಿ. ಬೇಜ್ ಅಲ್ಲಿ ನಡುಗೋಡೆಗಿಂತ ಒಂದು ಗುಂಜಿ ಹೆಚ್ಚು ಕೆಂಪಾಗಿರುತ್ತದೆ. ಇದು ತಿಳಿದ ಮೇಲೆ ಸಲಹೆ ತಾನಾಗಿ ಬರುತ್ತದೆ: ಕಾರ್ಡಿನಲ್ಲಿ ಮೆಚ್ಚಿದ್ದಕ್ಕಿಂತ ಒಂದು ಮೆಟ್ಟಿಲು ತಿಳಿಯಾದದ್ದನ್ನೇ ತೆಗೆದುಕೊಳ್ಳಿ. ಸ್ಯಾಂಪಲ್ ಹಚ್ಚಿ ನೋಡುವುದಾದರೆ ಒಂದು ಹಲಗೆ ಸಾಲದು. ಎರಡಕ್ಕೆ ಹಚ್ಚಿ, ಒಣಗಿಸಿ, ಪುಸ್ತಕ ತೆರೆದಂತೆ ಕೋನದಲ್ಲಿ ನಿಲ್ಲಿಸಿ ಆ ಸಂದಿಯನ್ನು ನೋಡಬೇಕು. ಮುಗಿದ ಕೋಣೆಯ ಬಣ್ಣಕ್ಕೆ ಅದು ಹೆಚ್ಚು ಹತ್ತಿರ.

ಇದೇ ಲೆಕ್ಕ ಕೋಣೆಯ ಬೆಳಕಿನ ಪ್ರಮಾಣಕ್ಕೂ ಅನ್ವಯಿಸುತ್ತದೆ, ಮತ್ತು ಅಲ್ಲಿ ಬೇಜ್‌ಗೆ ಅಷ್ಟು ಒಳ್ಳೆಯ ಹೆಸರಿಲ್ಲ. ಒಳ್ಳೆಯ ಬಿಳಿ ಬೆಳಕಿನ ಶೇಕಡ 85 ಭಾಗ ಮರಳಿಸಿದರೆ ಮಧ್ಯಮ ಬೇಜ್ ಸುಮಾರು 65 ಮರಳಿಸುತ್ತದೆ. ವ್ಯತ್ಯಾಸ ಇಪ್ಪತ್ತೇ ತಾನೆ ಎನ್ನಿಸುತ್ತದೆ. ಆರೂ ಮೈಗೆ ಒಂದೇ ಬಣ್ಣ ಬಳಿದ, ಸಾಮಾನಿಲ್ಲದ ಒಂದು ಪೆಟ್ಟಿಗೆಯಂಥ ಕೋಣೆಯನ್ನು ಊಹಿಸಿಕೊಳ್ಳಿ. ಬೆಳಕು ಪುಟಿದು ಪುಟಿದು ಒಟ್ಟಾಗಿ ಸೇರುವ ಮೊತ್ತ ಬಿಳಿ ಕೋಣೆಯಲ್ಲಿ ಮೂಲದ 6.7 ಪಟ್ಟು, ಬೇಜ್ ಕೋಣೆಯಲ್ಲಿ 2.9 ಪಟ್ಟು. ಅರ್ಧಕ್ಕಿಂತ ಕಡಿಮೆ! ನಿಜವಾದ ಮನೆಯಲ್ಲಿ ನೆಲ, ಸೋಫಾ, ತೆರೆದ ಬಾಗಿಲು ಎಲ್ಲವೂ ಬೆಳಕು ತಿನ್ನುವುದರಿಂದ ಅಂತರ ಇಷ್ಟು ಘೋರವಲ್ಲ. ಆದರೂ ಕಿಟಕಿ ಚಿಕ್ಕದಿದ್ದ ಮನೆಯಲ್ಲಿ ಸೀಲಿಂಗ್‌ಗೂ ಬೇಜ್ ಬಳಿಯುವುದು ನನ್ನ ಮಟ್ಟಿಗೆ ದುಬಾರಿ ಶೋಕಿ. ಸೀಲಿಂಗ್ ಬೆಳ್ಳಗಿರಲಿ. ಗೋಡೆ ಕಳೆದದ್ದರಲ್ಲಿ ಒಂದು ಪಾಲನ್ನು ಅದು ಉಳಿಸಿಕೊಡುತ್ತದೆ.

ಕಾರ್ಡಿಗೂ ಗೋಡೆಗೂ ನಡುವೆ ಇನ್ನೂ ಕೆಲವು ಕಳ್ಳಗಂಡಿಗಳಿವೆ. ಬಿಳಿಗೆ ಬಣ್ಣ ಬೆರೆಸಿದಾಗ ಏನಾಗುತ್ತದೆ ಎಂಬುದಕ್ಕೆ ಪಾಲ್ ಕುಬೆಲ್ಕಾ, ಫ್ರಾಂಜ್ ಮುಂಕ್ ಎಂಬಿಬ್ಬರು 1931ರಲ್ಲಿ ಕೊಟ್ಟ ಸರಳ ಸೂತ್ರವನ್ನು ಪೇಂಟ್ ಉದ್ಯಮ ಇಂದಿಗೂ ನೆಚ್ಚಿಕೊಂಡಿದೆ. ಅದರ ಪ್ರಕಾರ ಶೇಕಡ 90 ಬೆಳಕು ಮರಳಿಸುವ ಬಿಳಿಯನ್ನು 80ಕ್ಕೆ ಇಳಿಸಲು ಎಷ್ಟು ಬಣ್ಣ ಬೇಕೋ, 30 ಮರಳಿಸುವ ಗಾಢ ಬಣ್ಣವನ್ನು 20ಕ್ಕೆ ಇಳಿಸಲು ಅದರ ಸುಮಾರು 40 ಪಟ್ಟು ಬೇಕು. ತಿಳಿ ಬಣ್ಣದ ಡಬ್ಬಿಯಲ್ಲಿ ತೊಟ್ಟಿನ ಒಂದು ಪಾಲು ಹೆಚ್ಚುಕಡಿಮೆಯಾದರೂ ಕಣ್ಣಿಗೆ ತಿಳಿಯುವುದು ಇದಕ್ಕೇ. ಸ್ಟೇನರ್ ಬಾಟಲಿ ಹಿಡಿದು ಅಂದಾಜಿನ ಮೇಲೆ ಬೇಜ್ ಕಲಸುವ ಹಳೆಯ ಪೇಂಟರುಗಳ ಕೈ ಎಷ್ಟು ಪಳಗಿರಬೇಕು ಯೋಚಿಸಿ. ಅವರು ಒಂದು ಹಾಲ್‌ಗೆ ಬೇಕಾದಷ್ಟನ್ನೂ ಒಂದೇ ಡ್ರಮ್ಮಿನಲ್ಲಿ ಕಲಸಿಟ್ಟುಕೊಳ್ಳುವುದು ಅಭ್ಯಾಸಬಲದಿಂದ ಬಂದ ಜಾಣತನ.

ಒಣಗುವಾಗಿನ ಆಟ ಇನ್ನೊಂದು. ಸುಣ್ಣ ಬಳಿದಾಗ ಗೋಡೆ ಮಬ್ಬಾಗಿ, ಒಣಗಿದಂತೆ ಬೆಳ್ಳಗಾಗುತ್ತಿತ್ತು. ಕಣಗಳ ನಡುವಿನ ನೀರು ಹೋಗಿ ಗಾಳಿ ತುಂಬಿದಾಗ ವಕ್ರೀಭವನದ ಅಂತರ ಹೆಚ್ಚಿ ಬೆಳಕು ಚೆನ್ನಾಗಿ ಚದುರುತ್ತದೆ. ಎಮಲ್ಷನ್ ಇದಕ್ಕೆ ತದ್ವಿರುದ್ಧ. ಡಬ್ಬಿಯಲ್ಲಿ ಅದರ ಅಂಟು ನೀರಿನೊಳಗೆ ತೇಲುವ ಸಣ್ಣ ಸಣ್ಣ ಹನಿಗಳ ರೂಪದಲ್ಲಿ ಹಾಲಿನಂತಿರುತ್ತದೆ. ಒಣಗಿದಾಗ ಹನಿಗಳು ಬೆಸೆದು ಪಾರದರ್ಶಕ ಪೊರೆಯಾಗುತ್ತವೆ, ಹಾಲಿನ ಬಿಳುಪು ಮಾಯವಾಗಿ ಬಣ್ಣ ಒಂದು ಮಟ್ಟ ಗಾಢವಾಗುತ್ತದೆ. ಹಸಿ ಗೋಡೆ ನೋಡಿ ‘ತೀರಾ ತಿಳಿಯಾಯ್ತು’ ಎಂದು ಗಾಬರಿಯಾಗಿ ಅಂಗಡಿಗೆ ಓಡಬಾರದು. ಹೊಳಪಿನದೂ ಒಂದು ಪಾತ್ರವಿದೆ. ಮ್ಯಾಟ್ ಗೋಡೆಯ ತರಿಮೈ, ಬೆಳಕಿನ ಒಂದು ಪಾಲನ್ನು ಬಣ್ಣ ಮುಟ್ಟಿಸದೆ ಎಲ್ಲ ದಿಕ್ಕಿಗೂ ಚೆಲ್ಲುತ್ತದೆ. ಬೇಜ್ ಮೇಲೆ ಬಿಳಿಯ ತೆಳು ಪರದೆ ಬಿದ್ದಂತಾಗಿ ಮೃದುವಾಗುತ್ತದೆ. ಅದೇ ನಂಬರಿನ ಹೊಳಪು ಪೇಂಟ್ ಆಳವಾಗಿ ಕಾಣುತ್ತದೆ, ಪುಟ್ಟಿಯ ಉಬ್ಬುತಗ್ಗುಗಳನ್ನೂ ಊರಿಗೆಲ್ಲ ಸಾರುತ್ತದೆ.

ಕಿಟಕಿ, ಬಲ್ಬು, ಪಕ್ಕದ ಮನೆ

ಒಳಾಂಗಣ ವಿನ್ಯಾಸದ ಪುಸ್ತಕಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ: ಉತ್ತರದ ಕಿಟಕಿಯ ಕೋಣೆಗೆ ತಣ್ಣನೆಯ ನೀಲಿ ಬೆಳಕು, ಅಲ್ಲಿಗೆ ಬೆಚ್ಚನೆಯ ಬಣ್ಣ ಬಳಿಯಿರಿ. ಲಂಡನ್ನಿಗೆ ಈ ಮಾತು ನೂರಕ್ಕೆ ನೂರು ಸರಿ. ಅಲ್ಲಿ ವರ್ಷದ ಯಾವ ದಿನವೂ ಮಧ್ಯಾಹ್ನದ ಸೂರ್ಯ ಉತ್ತರಕ್ಕೆ ಬರುವುದಿಲ್ಲ; ಉತ್ತರದ ಕಿಟಕಿಗೆ ದಕ್ಕುವುದು ಬಹುತೇಕ ಆಕಾಶದ ನೀಲಿ ಮಾತ್ರ. ಬೆಂಗಳೂರು ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಲ್ಲಿ ಸೂರ್ಯ ನಡುನೆತ್ತಿ ದಾಟಿ ಉತ್ತರಕ್ಕೆ ಸರಿದವನು ಆಗಸ್ಟ್ ಮೂರನೇ ವಾರದವರೆಗೂ ಮಧ್ಯಾಹ್ನದ ಹೊತ್ತು ಉತ್ತರದಲ್ಲೇ ಇರುತ್ತಾನೆ. ಮೇ ತಿಂಗಳಲ್ಲಿ ಉತ್ತರದ ಕಿಟಕಿಗೆ ಬೆಳಗ್ಗೆ ಸಂಜೆ ಓರೆಬಿಸಿಲು ಬೀಳುವುದು ಇಲ್ಲಿಯ ಎಲ್ಲರಿಗೂ ಗೊತ್ತು. ಜೂನ್ ಬಂತೆಂದರೆ ಮೋಡ. ಮೋಡದ ಬೆಳಕು ಎಲ್ಲ ದಿಕ್ಕಿನ ಕಿಟಕಿಗೂ ಹೆಚ್ಚುಕಡಿಮೆ ಒಂದೇ. ಆಕಾಶದ ಅಪ್ಪಟ ನೀಲಿ ಉತ್ತರದ ಕೋಣೆಗೆ ಸಿಗುವುದು ಮುಖ್ಯವಾಗಿ ನವೆಂಬರಿನಿಂದ ಫೆಬ್ರವರಿವರೆಗೆ. ಲಂಡನ್ನಿನ ಸಲಹೆಯನ್ನು ಇಲ್ಲಿಗೆ ಎತ್ತಿ ತಂದರೆ ವರ್ಷದ ನಾಲ್ಕು ತಿಂಗಳಿಗೆ ಮಾತ್ರ ಹೊಂದುತ್ತದೆ.

ದಿಕ್ಕಿಗಿಂತ ಮುಖ್ಯವಾದದ್ದು ಕಿಟಕಿಯಾಚೆ ಏನಿದೆ ಎಂಬುದು. ಮಲೆನಾಡಿನ ಮನೆಗಳ ಸೂರು ಇಳಿಬಿದ್ದಿರುತ್ತದೆ; ಒಳಗೆ ಬರುವ ಬೆಳಕಿನ ದೊಡ್ಡ ಪಾಲು ಆಕಾಶದ್ದಲ್ಲ, ಅಂಗಳದ್ದು, ಅಡಿಕೆ ತೋಟದ್ದು. ಎಲೆಗಳಿಗೆ ಬಡಿದು ಬರುವ ಬೆಳಕು ಹಸಿರು. ಆ ಹಸಿರು ಬೇಜ್ ಗೋಡೆಯ ಮೇಲೆ ಬಿದ್ದರೆ, ಡಬ್ಬಿಯಲ್ಲಿ ಎಷ್ಟೇ ಚೆನ್ನಾಗಿದ್ದರೂ ಗೋಡೆ ಪಾಚಿಯ ಕಡೆಗೆ ವಾಲುತ್ತದೆ. ಅಲ್ಲಿ ಕೆಂಪು ಸ್ವಲ್ಪ ಮುಂದಿರುವ ಬೇಜ್ ಬೇಕು. ಕರಾವಳಿಯ ಮುರಕಲ್ಲಿನ ಅಂಗಳವಾದರೆ ತದ್ವಿರುದ್ಧ: ನೆಲವೇ ಕಿತ್ತಳೆ ಬೆಳಕು ಚೆಲ್ಲುವುದರಿಂದ ಗೋಡೆಗೆ ಕೆಂಪು ಕೊಡುವ ಅಗತ್ಯವೇ ಇಲ್ಲ. ಬೆಂಗಳೂರಿನ ಮೂವತ್ತು ನಲವತ್ತರ ಸೈಟಿನಲ್ಲಿ ಕಿಟಕಿಗೆ ಕಾಣುವುದು ಮೂರಡಿ ಆಚೆಯ ಪಕ್ಕದ ಮನೆಯ ಗೋಡೆ. ನಿಮ್ಮ ರೂಮಿನ ಬಣ್ಣ ಅರ್ಧ ಅವರ ಕೈಯಲ್ಲಿದೆ. ಅವರು ಗಿಳಿಹಸಿರು ಬಳಿಸಿದರೆ ನಿಮ್ಮ ಬೇಜ್‌ನ ಗತಿ ಹೇಳುವಂತಿಲ್ಲ. ಮನೆಯೊಳಗಿನ ನೆಲವನ್ನೂ ಮರೆಯುವಂತಿಲ್ಲ. ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲ ಗೋಡೆಯ ಕೆಳಭಾಗವನ್ನು ಗುಲಾಬಿಗೆ ತಿರುಗಿಸುತ್ತದೆ, ವಿಟ್ರಿಫೈಡ್ ಟೈಲ್ಸ್ ಬೆಳಕನ್ನು ಹೆಚ್ಚು ಬಣ್ಣ ಕೆಡಿಸದೆ ಮೇಲೆ ಕಳಿಸುತ್ತವೆ.

ರಾತ್ರಿಯಾದರೆ ಬಲ್ಬಿನ ಕಾರುಬಾರು. ಟಂಗ್‌ಸ್ಟನ್ ತಂತಿಯ ಹಳೆಯ ಬಲ್ಬು ಸುಮಾರು 2700 ಕೆಲ್ವಿನ್‌ನ ಬೆಳಕು ಕೊಡುತ್ತಿತ್ತು. ಅದರಲ್ಲಿ ನೀಲಿ ಕಡಿಮೆ, ಕೆಂಪು ಹೇರಳ. ನಮ್ಮ ಮನೆಗಳು ಅಲ್ಲಿಂದ ಟ್ಯೂಬ್‌ಲೈಟಿಗೆ, ಟ್ಯೂಬ್‌ಲೈಟಿನಿಂದ 6500 ಕೆಲ್ವಿನ್‌ನ ಬೆಳ್ಳನೆಯ ಎಲ್‌ಇಡಿಗೆ ಜಿಗಿದವು. ಎಲ್‌ಇಡಿಯ ಒಳಗಿರುವುದು ನೀಲಿ ದೀಪ, 450 ನ್ಯಾನೊಮೀಟರಿನ ಆಸುಪಾಸು. ಅದನ್ನು ಸಾಧ್ಯವಾಗಿಸಿದ, ಜಪಾನಿನಲ್ಲಿ ಹುಟ್ಟಿದ ಅಕಸಾಕಿ, ಅಮಾನೊ, ನಾಕಮುರ ಅವರಿಗೆ 2014ರ ನೊಬೆಲ್ ಬಂತು. ಮೇಲೆ ಲೇಪಿಸಿದ ಫಾಸ್ಫರ್ ಪುಡಿ ಆ ನೀಲಿಯಲ್ಲಿ ಒಂದು ಪಾಲನ್ನು ಹಳದಿಯಾಗಿ ಬದಲಿಸುತ್ತದೆ. ಎರಡೂ ಸೇರಿ ಬಿಳಿ. ಸೂರ್ಯನ ಬೆಳಕಿನಂತೆ ಇದು ಸಮನಾಗಿ ಹರಡಿಲ್ಲ. ನೀಲಿಯಲ್ಲೊಂದು ಶಿಖರ, ಅದರ ಪಕ್ಕದಲ್ಲೊಂದು ಹಳ್ಳ, ಆಮೇಲೆ ಹಳದಿಯ ಗುಡ್ಡ, ಗಾಢ ಕೆಂಪಿನಲ್ಲಿ ಬಡತನ. ಬೇಜ್ ಗೋಡೆ ಇದರಲ್ಲಿನ ನೀಲಿಯನ್ನು ತಿನ್ನುತ್ತದೆ, ಮರಳಿಸಬೇಕಾದ ಕೆಂಪು ಬಂದೇ ಇಲ್ಲ. ಉಳಿಯುವುದು ಮಂಕು ಹಳದಿ ಹಸಿರು. ಬೆಚ್ಚನೆಯ ಬಣ್ಣಕ್ಕೆ ದುಡ್ಡು ಸುರಿದು ಮೇಲೆ 6500ರ ಬಲ್ಬು ಹಾಕುವುದೆಂದರೆ ಎರಡನ್ನೂ ಪರಸ್ಪರ ಕಾದಾಡಲು ಬಿಟ್ಟಂತೆ. 3000 ಅಥವಾ 4000 ಕೆಲ್ವಿನ್‌ನದ್ದು, ಡಬ್ಬದ ಮೇಲೆ ಸಿಆರ್‌ಐ 90 (ಬಣ್ಣಗಳನ್ನು ಎಷ್ಟು ಸಹಜವಾಗಿ ತೋರಿಸುತ್ತದೆ ಎಂಬುದರ ಅಳತೆ) ಎಂದು ಬರೆದದ್ದು ಸಿಕ್ಕರೆ ಅದನ್ನು ಮೊದಲು ಹಾಕಿ, ಆ ಬೆಳಕಿನಲ್ಲಿ ಶೇಡ್ ಆರಿಸುವುದು ಸರಿಯಾದ ಕ್ರಮ. ಬಲ್ಬು ಬದಲಿಸುವ ಖರ್ಚು ಗೋಡೆ ಬದಲಿಸುವುದಕ್ಕಿಂತ ಎಷ್ಟೋ ಕಡಿಮೆ.

ದೀಪ ತೀರಾ ಮಂದವಾದರೆ ಇನ್ನೊಂದು ತೊಡಕು. ಕಡಿಮೆ ಬೆಳಕಿನಲ್ಲಿ ಕಣ್ಣು ಬಣ್ಣ ಗುರುತಿಸುವ ಕೋನ್ ಕೋಶಗಳಿಂದ ರಾಡ್ ಕೋಶಗಳಿಗೆ ಕೆಲಸ ವಹಿಸುತ್ತದೆ. ರಾಡ್‌ಗಳಿಗೆ ಕೆಂಪು ಸರಿಯಾಗಿ ಕಾಣದು, ಬಣ್ಣವಂತೂ ತಿಳಿಯುವುದೇ ಇಲ್ಲ. ಜೆಕ್ ವಿಜ್ಞಾನಿ ಪುರ್ಕಿನ್ಯೆ 19ನೇ ಶತಮಾನದ ಆರಂಭದಲ್ಲಿ, ನಸುಕಿನಲ್ಲಿ ಹೂಗಳ ಕೆಂಪು ಕಪ್ಪಾಗಿ ನೀಲಿ ಮುಂದೆ ಬರುವುದನ್ನು ಗಮನಿಸಿದ್ದು ಇದನ್ನೇ. ಬೆಳಕಿಲ್ಲದ ನಡುಮನೆಗೆ ‘ಬೆಚ್ಚಗಿರಲಿ’ ಎಂದು ಬೇಜ್ ಬಳಿದರೆ ಸಿಗುವುದು ಬೂದಿ.

ಬಿಳಿ ಎಂದರೆ ಯಾವುದು?

2002ರ ಜನವರಿಯಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಕಾರ್ಲ್ ಗ್ಲೇಜ್‌ಬ್ರೂಕ್ ಮತ್ತು ಇವಾನ್ ಬಾಲ್ಡ್ರಿ, ಎರಡು ಲಕ್ಷಕ್ಕೂ ಮಿಕ್ಕ ಗೆಲಾಕ್ಸಿಗಳ ಬೆಳಕನ್ನು ಕೂಡಿಸಿ ವಿಶ್ವದ ಸರಾಸರಿ ಬಣ್ಣ ತೆಳು ಹಸಿರುನೀಲಿ ಎಂದು ಘೋಷಿಸಿದರು. ಪತ್ರಿಕೆಗಳಲ್ಲಿ ಸುದ್ದಿಯೋ ಸುದ್ದಿ. ಎರಡು ತಿಂಗಳು ಕಳೆಯುವಷ್ಟರಲ್ಲಿ ಅವರೇ ಅದನ್ನು ತಿದ್ದಿದರು: ವಿಶ್ವ ಹಸಿರುನೀಲಿಯಲ್ಲ, ಬೇಜ್. ಗೆಲಾಕ್ಸಿಗಳ ಅಳತೆಯಲ್ಲಿ ಏನೂ ದೋಷವಿರಲಿಲ್ಲ. ಯಾವುದನ್ನು ಬಿಳಿ ಎಂದು ಇಟ್ಟುಕೊಂಡು ಉಳಿದದ್ದನ್ನು ಹೋಲಿಸಬೇಕು ಎಂಬ ಬಿಂದು ಸಾಫ್ಟ್‌ವೇರಿನಲ್ಲಿ ತಪ್ಪಾಗಿತ್ತು. ಆ ಬಿಂದು ಸರಿಸಿದೊಡನೆ ಬ್ರಹ್ಮಾಂಡದ ಬಣ್ಣವೇ ಬದಲಾಯಿತು. ತಿದ್ದಿದ ಬಣ್ಣಕ್ಕೆ ಹೆಸರು ಸೂಚಿಸಿ ಎಂದು ಕೇಳಿ, ಬಂದವುಗಳಲ್ಲಿ ‘ಕಾಸ್ಮಿಕ್ ಲಾಟೆ’ಯನ್ನು ಆರಿಸಿಕೊಂಡರು.

ನಮ್ಮ ಮಿದುಳು ಇದೇ ಕೆಲಸವನ್ನು ಕ್ಷಣಕ್ಷಣವೂ ಮಾಡುತ್ತದೆ. ಕೋಣೆಗೆ ಕಾಲಿಟ್ಟ ಕೂಡಲೇ ಅಲ್ಲಿಯ ಬೆಳಕಿನ ಬಣ್ಣವನ್ನು ಅಂದಾಜಿಸಿ, ಅದನ್ನು ಕಳೆದು, ಉಳಿದದ್ದನ್ನು ವಸ್ತುವಿನ ಬಣ್ಣ ಎನ್ನುತ್ತದೆ. ಹಳದಿ ಬಲ್ಬಿನ ಕೆಳಗೂ ಬಿಳಿ ಪಂಚೆ ಬಿಳಿಯಾಗಿಯೇ ಕಾಣುವುದು ಇದರಿಂದ. ಬೇಜ್‌ನ ಕಷ್ಟವೆಂದರೆ ಅದು ಬಿಳಿಗೆ ತೀರಾ ಹತ್ತಿರ. ನಾಲ್ಕೂ ಗೋಡೆ, ಪರದೆ, ಸೋಫಾ, ಬಾಗಿಲು ಎಲ್ಲವೂ ಬೇಜ್ ಆದರೆ ಮಿದುಳಿಗೆ ಹೋಲಿಸಲು ಬಿಳಿ ಸಿಗುವುದಿಲ್ಲ. ಬೆಳಕೇ ಸ್ವಲ್ಪ ಹಳದಿ ಇರಬೇಕು ಎಂದುಕೊಂಡು ಅದು ಗೋಡೆಯನ್ನು ಬಿಳಿಯ ಕಡೆಗೆ ತಳ್ಳಿಬಿಡುತ್ತದೆ. ಸ್ವಲ್ಪ ಹೊತ್ತು ಕೂತರೆ ಬೇಜ್ ಇದೆಯೆಂಬುದೇ ಮರೆತುಹೋಗುತ್ತದೆ. ಬಾಗಿಲ ಚೌಕಟ್ಟಿಗೋ ಸ್ಕರ್ಟಿಂಗ್‌ಗೋ ಒಂದು ಗೆರೆ ಅಪ್ಪಟ ಬಿಳಿ ಕೊಟ್ಟು ನೋಡಿ, ಗೋಡೆಯ ಬೆಚ್ಚನೆಯ ಛಾಯೆ ಥಟ್ಟನೆ ಮರಳುತ್ತದೆ. ಕಣ್ಣಿನ ಪೊರೆಯ ಆಪರೇಷನ್ ಮಾಡಿಸಿಕೊಂಡ ಹಿರಿಯರು ‘ಮನೆಗೆ ಹೊಸದಾಗಿ ಬಣ್ಣ ಹೊಡೆಸಿದ್ದೀರಾ’ ಎಂದರೆ ನಗಬೇಡಿ. ವಯಸ್ಸಾದಂತೆ ಹಳದಿಗಟ್ಟಿದ ಮಸೂರ ತೆಗೆದು ಹೊಸದಿಟ್ಟಾಗ ವರ್ಷಗಟ್ಟಲೆ ತಡೆದಿದ್ದ ನೀಲಿ ಒಮ್ಮೆಲೇ ಒಳನುಗ್ಗುತ್ತದೆ. ಮಿದುಳು ತನ್ನ ಬಿಳಿಯನ್ನು ಹೊಸದಾಗಿ ಗೊತ್ತುಮಾಡಿಕೊಳ್ಳಲು ವಾರಗಳು ಬೇಕಾಗುತ್ತವೆ.

ನೆರೆಹೊರೆಯ ಬಣ್ಣದ ಪ್ರಭಾವವನ್ನು ಮೊದಲು ಕ್ರಮವಾಗಿ ಬರೆದಿಟ್ಟವನು ಮಿಶೆಲ್ ಶೆವ್ರಲ್. ಪ್ಯಾರಿಸ್ಸಿನ ಗೋಬೆಲಿನ್ಸ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣದ ಮುಖ್ಯಸ್ಥನಾಗಿದ್ದಾಗ, ಕಪ್ಪು ನೂಲು ಮಂಕಾಗಿದೆ ಎಂಬ ದೂರು ಬಂತು. ಪರೀಕ್ಷಿಸಿದರೆ ನೂಲಿನ ಬಣ್ಣ ಸರಿಯಾಗಿಯೇ ಇತ್ತು. ಪಕ್ಕದ ನೀಲಿ, ನೇರಳೆ ಎಳೆಗಳು ಅದನ್ನು ಕೆಡಿಸಿ ತೋರಿಸುತ್ತಿದ್ದವು. 1839ರಲ್ಲಿ ಅವನು ಪ್ರಕಟಿಸಿದ ಗ್ರಂಥ ಚಿತ್ರಕಾರರ ಕೈಪಿಡಿಯಾಯಿತು. ಮನೆಗೆ ಬಂದರೆ, ಹಳೆಯ ಆಕಾಶನೀಲಿ ಗೋಡೆಯ ಮೇಲೆ ಹಚ್ಚಿ ನೋಡಿದ ಬೇಜ್ ತುಣುಕು ಕಿತ್ತಳೆಯಂತೆ ಕಾಣುತ್ತದೆ, ಬಿಳಿ ಪ್ರೈಮರ್ ಮೇಲೆ ಕೊಳಕಾಗಿ ಕಾಣುತ್ತದೆ. ಗೋಡೆಯಿಂದ ಬಿಡಿಸಿದ ಹಲಗೆಯೇ ವಾಸಿ.

ಥರ್ಮಾಮೀಟರಿನ ಮಾತು

ಬೆಚ್ಚನೆಯ ಬಣ್ಣ ಎಂದಾಗ ಮನೆ ನಿಜವಾಗಿ ಬೆಚ್ಚಗಾಗುತ್ತದೆಯೇ? ಉತ್ತರ ಚುಟುಕಾಗಿದೆ: ಇಲ್ಲ. ಕೋಣೆಯ ಉಷ್ಣತೆಯಲ್ಲಿರುವ ಗೋಡೆ ಹೊರಸೂಸುವ ಅತಿಗೆಂಪು ಕಿರಣದ ತರಂಗಾಂತರ ಸುಮಾರು 10 ಮೈಕ್ರಾನ್. ಆ ಭಾಗದಲ್ಲಿ ಬಿಳಿ, ಬೇಜ್, ಕಪ್ಪು, ಯಾವ ಪೇಂಟೂ ಒಂದೇ. ಎಲ್ಲದರ ಹೊರಸೂಸುವಿಕೆ ಗರಿಷ್ಠದ ಶೇಕಡ 90ರ ಸುಮಾರು. ಹೊರಗೋಡೆಯ, ತಾರಸಿಯ ಬಣ್ಣಕ್ಕೆ ನೇರ ಬಿಸಿಲಿನ ಕಾರಣದಿಂದ ಮಹತ್ವವಿದೆ, ಒಳಗಿನದಕ್ಕಿಲ್ಲ. ಬೆಚ್ಚನೆಯ ಬಣ್ಣ ನೋಡಿದರೆ ದೇಹಕ್ಕೆ ಬೆಚ್ಚಗನಿಸುತ್ತದೆಯೇ ಎಂದು ಮನಶ್ಶಾಸ್ತ್ರಜ್ಞರು ದಶಕಗಳಿಂದ ಪರೀಕ್ಷಿಸಿದ್ದಾರೆ. ಫಲಿತಾಂಶಗಳು ಒಂದಕ್ಕೊಂದು ಒಪ್ಪುವುದಿಲ್ಲ. ಪರಿಣಾಮ ಕಂಡ ಕಡೆಯೂ ಅದು ಸಣ್ಣದು. ತಮಾಷೆಯೆಂದರೆ, ಕಾಯಿಸಿದ ಲೋಹ ಮೊದಲು ಕೆಂಪಾಗಿ, ಇನ್ನೂ ಕಾದರೆ ಬಿಳಿಯಾಗುತ್ತದೆ. ನಕ್ಷತ್ರಗಳಲ್ಲಿ ನೀಲಿಯದೇ ಅತಿ ಬಿಸಿ. ಬಲ್ಬಿನ ಡಬ್ಬದ ಮೇಲೆ ತಣ್ಣನೆಯ ಬೆಳಕಿಗೆ ದೊಡ್ಡ ಕೆಲ್ವಿನ್ ಸಂಖ್ಯೆ ಇರುವುದು ಇದೇ ಕಾರಣಕ್ಕೆ. ನಮ್ಮ ನಾಲಿಗೆ ಒಲೆಯ ಬೆಂಕಿಯನ್ನೂ ಕೊಳದ ನೀರನ್ನೂ ನೆಚ್ಚಿ ಹೆಸರಿಟ್ಟಿತು, ಭೌತಶಾಸ್ತ್ರ ಕೇಳಲಿಲ್ಲ.

ಬೇಜ್ ಇಷ್ಟೊಂದು ಮನೆಗಳಲ್ಲಿ ಉಳಿದುಕೊಂಡಿರುವುದಕ್ಕೆ ಕಾವಿಗಿಂತ ಗಟ್ಟಿ ಕಾರಣ ಧೂಳು. ಕರ್ನಾಟಕದ ಬಹುಭಾಗದ ಕೆಂಪು ಮಣ್ಣಿಗೆ ಆ ಬಣ್ಣ ಕೊಟ್ಟಿರುವುದೂ ಹೆಮಟೈಟ್, ಗೋಥೈಟ್‌ಗಳೇ. ಕಿಟಕಿಯಿಂದ ಬಂದು ಗೋಡೆಗೆ ಕೂರುವ ಧೂಳೂ ಪೇಂಟಿನೊಳಗಿನ ಬಣ್ಣವೂ ಒಂದೇ ಕುಲದವು. ಬಿಳಿಯ ಮೇಲೆ ಕಲೆಯಾಗಿ ಕಾಣುವುದು ಬೇಜ್ ಮೇಲೆ ಬಣ್ಣದಲ್ಲೇ ಕರಗುತ್ತದೆ. ದೇವರ ಮನೆಯ ಊದುಬತ್ತಿಯ ಹೊಗೆ, ಒಗ್ಗರಣೆಯ ಜಿಡ್ಡು ಕೂಡ ಹಳದಿಗಂದು ಬಣ್ಣದವೇ. ಸ್ವಚ್ಛತೆಯ ಭ್ರಮೆ ಹುಟ್ಟಿಸುತ್ತದೆ ಎಂದು ಬೇಕಾದರೆ ದೂರಬಹುದು. ಮಕ್ಕಳಿರುವ ಮನೆಯವರು ಆ ಭ್ರಮೆಗೆ ಸಂತೋಷದಿಂದ ದುಡ್ಡು ಕೊಡುತ್ತಾರೆ.

ಮಕ್ಕಳ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ಹಳೆಯ ಮನೆಗಳ ಬಾಗಿಲು ಕಿಟಕಿಗಳ ಕ್ರೀಮ್, ಹಳದಿ ಇನಾಮೆಲ್ ಬಣ್ಣಗಳಲ್ಲಿ ಹಳದಿಯ ಮೂಲ ಆಕ್ಸೈಡ್ ಅಲ್ಲದೆ ಸೀಸದ ಕ್ರೋಮೇಟ್ ಆಗಿರುವ ಸಾಧ್ಯತೆ ಇದೆ. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ ವಿಷ. ಗೃಹೋಪಯೋಗಿ ಪೇಂಟಿನಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90ನ್ನು ಮೀರಬಾರದೆಂಬ ನಿಯಮವನ್ನು ಭಾರತ ಸರ್ಕಾರ 2016ರಲ್ಲಿ ಹೊರಡಿಸಿತು. ಜಾರಿಯಾದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣವನ್ನು ಒಣ ಉಪ್ಪುಕಾಗದದಿಂದ ಉಜ್ಜಿ ಧೂಳೆಬ್ಬಿಸಬಾರದು. ನೀರು ಹಾಕಿ ಉಜ್ಜಿಸಿ, ಮಕ್ಕಳನ್ನು ಬೇರೆಡೆ ಇಡಿ.

ಕೊನೆಗೆ ಟಚ್‌ಅಪ್. ಸ್ವಿಚ್‌ಬೋರ್ಡ್ ಬದಲಿಸಿದ ಜಾಗಕ್ಕೆ ಅದೇ ಶೇಡ್ ಎಂದು ಬೇರೆ ಕಂಪನಿಯ ಡಬ್ಬಿ ತಂದು ಹಚ್ಚಿದರೆ ಹಗಲಿನಲ್ಲಿ ಹೊಂದಿಕೊಂಡದ್ದು ರಾತ್ರಿ ತೇಪೆಯಾಗಿ ಎದ್ದು ಕಾಣಬಹುದು. ಬೂದು, ಬೇಜ್‌ಗಳಂಥ ಸಪ್ಪೆ ಬಣ್ಣಗಳನ್ನು ಹಲವು ದಾರಿಗಳಲ್ಲಿ ತಲುಪಬಹುದು: ಒಬ್ಬರು ಆಕ್ಸೈಡ್‌ಗಳಿಂದ ಮಾಡಿದರೆ ಇನ್ನೊಬ್ಬರು ಸಾವಯವ ಹಳದಿ, ಕೆಂಪುಗಳಿಂದ ಮಾಡುತ್ತಾರೆ. ಕಣ್ಣಿನಲ್ಲಿ ಬಣ್ಣಕ್ಕಿರುವುದು ಮೂರೇ ಬಗೆಯ ಕೋಶಗಳಾದ್ದರಿಂದ ಬಿಸಿಲಿನಲ್ಲಿ ಎರಡರ ಮೊತ್ತ ಒಂದೇ ಬರಬಹುದು. ಎಲ್‌ಇಡಿಯ ಶಿಖರ ಹಳ್ಳಗಳಲ್ಲಿ ಬೇರೆ ಬೇರೆ ಬರುತ್ತದೆ. ಜೊತೆಗೆ ಬಿಳಿಗೆ ಹತ್ತಿರದ ಬಣ್ಣಗಳಲ್ಲಿ ನಮ್ಮ ಕಣ್ಣು ಅತಿ ಸೂಕ್ಷ್ಮ; ಕಡುಗೆಂಪಿನಲ್ಲಿ ಗಮನಿಸದೆ ಬಿಡುವ ವ್ಯತ್ಯಾಸವನ್ನು ಬೇಜ್‌ನಲ್ಲಿ ಹಿಡಿದುಬಿಡುತ್ತದೆ. ಆದ್ದರಿಂದ ಕೆಲಸ ಮುಗಿದಾಗ ಉಳಿದ ಪೇಂಟಿಗೆ ನೀರು ಬೆರೆಸದೆ, ಸಣ್ಣ ಡಬ್ಬಿಗೆ ತುಂಬ ಸುರಿದು, ಮುಚ್ಚಳ ಬಿಗಿದು, ಮೇಲೆ ಶೇಡ್ ನಂಬರ್, ಬೇಸ್, ಬ್ಯಾಚ್ ನಂಬರ್, ಯಾವ ರೂಮು ಎಂದು ಬರೆದಿಡಿ. ಟಚ್‌ಅಪ್ ಮಾಡುವಾಗ ಬರೀ ಕಲೆಯ ಮೇಲೆ ಹಚ್ಚದೆ, ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಗೋಡೆ ಪೂರ್ತಿ ಒಂದು ಕೋಟ್ ಎಳೆಸಿ.